ಬೆಂಗಳೂರಿಗೆ ಗಾಳಿ, ಬೂದಿಕೋಟೆಗೆ ತಂತಿ

ಕೋಲಾರದ ಕಡೆಯಿಂದ ಬೆಂಗಳೂರಿಗೆ ಬಸ್ಸಿನಲ್ಲಿ ಹೋಗುವಾಗ ಕಿವಿಗೆ ಇಯರ್‌ಫೋನ್ ಸಿಕ್ಕಿಸಿ ಎಫ್‌ಎಂ ಹಾಕಿಕೊಂಡವರಿಗೆ ಇದು ಗೊತ್ತು. ಊರು ಬಿಟ್ಟಾಗ ಬರೀ ಗೊರಗೊರ ಸದ್ದು. ಬಸ್ಸು ಮುಂದೆ ಹೋದಂತೆ ಆ ಸದ್ದಿನೊಳಗಿಂದ ಒಂದು ಹಾಡಿನ ತುಣುಕು ಕೇಳಿಸುತ್ತದೆ, ಮತ್ತೆ ಮುಳುಗಿಹೋಗುತ್ತದೆ. ಹೊಸಕೋಟೆ ಬರುವಷ್ಟರಲ್ಲಿ ಹಾಡು ಗಟ್ಟಿಯಾಗಿ ನಿಂತಿರುತ್ತದೆ. ಜೊತೆಗೆ ಪಟಪಟ ಮಾತಾಡುವ ಆರ್‌ಜೆ. ಸಂಜೆ ವಾಪಸ್ ಬರುವಾಗ ಇದೇ ಆಟ ಹಿಂದುಮುಂದು. ಮೊದಲು ಹಾಡು, ಆಮೇಲೆ ಗೊರಗೊರ, ಆಮೇಲೆ ನಮ್ಮೂರು.

ಹಾಡು ನಮ್ಮೂರಿನ ತನಕ ಯಾಕೆ ಬರುವುದಿಲ್ಲ? ಇದಕ್ಕೆ ಎರಡು ಉತ್ತರಗಳಿವೆ. ಒಂದು ವಿಜ್ಞಾನದ್ದು. ಆಕಾಶವಾಣಿಯ ಹಳೆಯ ಮೀಡಿಯಂ ವೇವ್ ಅಲೆಗಳು ನೆಲವನ್ನು ಹಿಡಿದು ಬಹಳ ದೂರ ಹೋಗುತ್ತವೆ, ಆದರೆ ಗುಡುಗು ಸಿಡಿಲಿನ ಸದ್ದನ್ನೆಲ್ಲ ಜೊತೆಗೆ ಹೊತ್ತು ತರುತ್ತವೆ. ಎಫ್‌ಎಂ ಅಲೆ ಹಾಗಲ್ಲ. ಧ್ವನಿ ಶುಭ್ರ, ಆದರೆ ಓಟ ನೇರ. ಬೆಟ್ಟ ಅಡ್ಡ ಬಂದರೆ, ಇಲ್ಲವೇ ದೂರ ಹೆಚ್ಚಾದರೆ ಅಲ್ಲಿಗೆ ಮುಗಿಯಿತು. ಹಾಗಾಗಿ ಎಫ್‌ಎಂ ಯಾವತ್ತೂ ಸುತ್ತಮುತ್ತಲಿನವರ ರೇಡಿಯೋ.

ಹಾಗಾದರೆ ನಮ್ಮ ಸುತ್ತಮುತ್ತಲಿಗೂ ಒಂದು ಎಫ್‌ಎಂ ಇರಬಹುದಿತ್ತಲ್ಲ? ಅದು ಯಾಕಿಲ್ಲ ಎನ್ನುವುದಕ್ಕೆ ಎರಡನೇ ಉತ್ತರ ಬೇಕು. ಅದು ಕಾನೂನಿನ ಕಥೆ. ಅದನ್ನು ತಿಳಿಯಲು 2001ನೇ ಇಸವಿಗೆ ಹೋಗೋಣ. ಆ ಒಂದೇ ವರ್ಷದಲ್ಲಿ ನಮ್ಮ ರಾಜ್ಯದಲ್ಲಿ, ಸುಮಾರು ನೂರು ಕಿಲೋಮೀಟರ್ ಅಂತರದಲ್ಲಿ ಎರಡು ರೇಡಿಯೋಗಳು ಶುರುವಾದವು. ಒಂದಕ್ಕೆ ಗಾಳಿ ಸಿಕ್ಕಿತು. ಇನ್ನೊಂದಕ್ಕೆ ತಂತಿ ಎಳೆಯಬೇಕಾಯಿತು.

ಮೊದಲ ರೇಡಿಯೋ ಒಬ್ಬರ ಮನೆಯಲ್ಲಿತ್ತು

2001ಕ್ಕೆ ಹೋಗುವ ಮೊದಲು ಮೈಸೂರಿನಲ್ಲಿ ಒಂದು ಗಳಿಗೆ ನಿಲ್ಲಬೇಕು. ರೇಡಿಯೋ ಎಂದರೆ ಸರ್ಕಾರದ್ದೇ ಎಂಬ ಅಭ್ಯಾಸ ನಮಗೆ ಎಷ್ಟು ಆಗಿಹೋಗಿದೆಯೆಂದರೆ, ಕನ್ನಡ ನಾಡಿನ ಮೊದಲ ರೇಡಿಯೋ ಸರ್ಕಾರದ್ದಾಗಿರಲಿಲ್ಲ ಎಂದರೆ ಆಶ್ಚರ್ಯವಾಗುತ್ತದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸುತ್ತಿದ್ದ ಎಂ.ವಿ. ಗೋಪಾಲಸ್ವಾಮಿ ಎಂಬ ಪ್ರಾಧ್ಯಾಪಕರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ ‘ವಿಠಲ ವಿಹಾರ’ದಿಂದಲೇ ಪ್ರಸಾರ ಶುರು ಮಾಡಿದರು. ಅವರ ಬಳಿ ಇದ್ದದ್ದು 30 ವ್ಯಾಟ್‌ನ ಟ್ರಾನ್ಸ್‌ಮಿಟರ್. ಹಳೆಯ ಮಾದರಿಯ ಒಂದು ಟ್ಯೂಬ್‌ಲೈಟ್ 40 ವ್ಯಾಟ್ ತೆಗೆದುಕೊಳ್ಳುತ್ತಿತ್ತು. ಅದಕ್ಕಿಂತ ಕಡಿಮೆ! ಆ ರೇಡಿಯೋಗೆ ಇಟ್ಟ ಹೆಸರು ‘ಆಕಾಶವಾಣಿ’. ಅದೇ ಹೆಸರು ಮುಂದೆ ಇಡೀ ದೇಶದ ರೇಡಿಯೋಗೆ ಬಂತು.

ಕೆಲವು ವರ್ಷ ಗೋಪಾಲಸ್ವಾಮಿಯವರೇ ಅದನ್ನು ನಡೆಸಿದರು. ಆಮೇಲೆ ಮೈಸೂರು ಸಂಸ್ಥಾನ ವಹಿಸಿಕೊಂಡಿತು. ಸ್ವಾತಂತ್ರ್ಯ ಬಂದ ಮೇಲೆ ಅದು ಕೇಂದ್ರ ಸರ್ಕಾರದ ಆಲ್ ಇಂಡಿಯಾ ರೇಡಿಯೋಗೆ ಸೇರಿತು. 1950ರಲ್ಲಿ ಧಾರವಾಡ ಕೇಂದ್ರ, 1955ರಲ್ಲಿ ಬೆಂಗಳೂರು ಕೇಂದ್ರ ಬಂದವು. ಪ್ರದೇಶ ಸಮಾಚಾರ, ರೈತರ ಕಾರ್ಯಕ್ರಮ, ನಾಟಕ, ಚಿತ್ರಗೀತೆ ಎಲ್ಲವೂ ಊರೂರಿಗೆ ತಲುಪಿದ್ದು ಈ ಕೇಂದ್ರಗಳಿಂದಲೇ. ಆ ಉಪಕಾರ ದೊಡ್ಡದು, ಮರೆಯುವಂಥದ್ದಲ್ಲ.

ಆದರೆ ಕೇಳುವುದು ಮಾತ್ರ ನಮ್ಮ ಪಾಲು. ಹೇಳುವ ಹಕ್ಕು ಸರ್ಕಾರದ ಕೈಯಲ್ಲಿ ಉಳಿಯಿತು. 1885ರ ಟೆಲಿಗ್ರಾಫ್ ಕಾಯ್ದೆ ಬ್ರಿಟಿಷರದ್ದು. ಆಗ ರೇಡಿಯೋ ಇನ್ನೂ ಹುಟ್ಟಿಯೇ ಇರಲಿಲ್ಲ. ಆದರೂ ಸ್ವಾತಂತ್ರ್ಯದ ನಂತರವೂ ಯಾರು ಪ್ರಸಾರ ಮಾಡಬಹುದು, ಯಾರು ಮಾಡಬಾರದು ಎಂದು ತೀರ್ಮಾನಿಸುತ್ತಿದ್ದದ್ದು ಅದೇ ಕಾಯ್ದೆ. ಕೇಳುವುದಕ್ಕೂ ಒಂದು ಕಾಲದಲ್ಲಿ ಲೈಸೆನ್ಸ್ ಬೇಕಿತ್ತು. ನಿಮ್ಮ ಮನೆಯ ಹಿರಿಯರನ್ನು ಕೇಳಿ ನೋಡಿ. 1980ರ ದಶಕದವರೆಗೂ ಮನೆಯಲ್ಲಿ ರೇಡಿಯೋ ಇಟ್ಟುಕೊಂಡವರು ವರ್ಷವರ್ಷ ಅಂಚೆ ಕಚೇರಿಗೆ ಹೋಗಿ ಶುಲ್ಕ ಕಟ್ಟಿ ಬರಬೇಕಿತ್ತು. ಕೆಲವು ಮನೆಗಳಲ್ಲಿ ಆ ಲೈಸೆನ್ಸ್ ಪುಸ್ತಕ ಹಳೆಯ ಟ್ರಂಕಿನ ತಳದಲ್ಲಿ ಇನ್ನೂ ಸಿಗುತ್ತದೆ.

ಕ್ರಿಕೆಟ್ ಆಟದಿಂದ ಬಂದ ತೀರ್ಪು

ಈ ಬೀಗ ಸಡಿಲವಾದದ್ದು ಒಂದು ಕ್ರಿಕೆಟ್ ಪಂದ್ಯಾವಳಿಯ ಜಗಳದಿಂದ. 1993ರ ಹೀರೋ ಕಪ್ ನೆನಪಿದೆಯೇ? ಕೋಲ್ಕತ್ತದ ಈಡನ್ ಗಾರ್ಡನ್ಸ್‌ನಲ್ಲಿ ನಡೆದ ಫೈನಲ್‌ನಲ್ಲಿ ನಮ್ಮ ಅನಿಲ್ ಕುಂಬ್ಳೆ ವೆಸ್ಟ್ ಇಂಡೀಸ್ ವಿರುದ್ಧ 12 ರನ್ ಕೊಟ್ಟು 6 ವಿಕೆಟ್ ಕಿತ್ತ ಪಂದ್ಯಾವಳಿ ಅದು. ಅದನ್ನು ಟಿವಿಯಲ್ಲಿ ತೋರಿಸುವ ಹಕ್ಕು ಯಾರದ್ದು ಎಂದು ಬಂಗಾಳದ ಕ್ರಿಕೆಟ್ ಸಂಸ್ಥೆಗೂ ಸರ್ಕಾರಕ್ಕೂ ಜಗಳ ಹತ್ತಿ, ಸುಪ್ರೀಂ ಕೋರ್ಟ್ ತನಕ ಹೋಯಿತು.

1995ರ ಫೆಬ್ರವರಿ 9ರಂದು ತೀರ್ಪು ಬಂತು. ಆಟದ ವಿಷಯಕ್ಕಿಂತ ಬಹಳ ದೊಡ್ಡ ಮಾತನ್ನು ಕೋರ್ಟ್ ಹೇಳಿತು. ಪ್ರಸಾರಕ್ಕೆ ಬಳಸುವ ತರಂಗಗಳು ಸಾರ್ವಜನಿಕರ ಆಸ್ತಿ. ಅವು ಸರ್ಕಾರದ ಸ್ವಂತವೂ ಅಲ್ಲ, ಯಾವುದೇ ಖಾಸಗಿಯವರ ಸ್ವಂತವೂ ಅಲ್ಲ. ಜನರ ಹಿತಕ್ಕಾಗಿ ಅವುಗಳ ಬಳಕೆಯನ್ನು ಒಂದು ಸಾರ್ವಜನಿಕ ವ್ಯವಸ್ಥೆ ನೋಡಿಕೊಳ್ಳಬೇಕು.

ನಮ್ಮ ಭಾಷೆಯಲ್ಲಿ ಹೇಳುವುದಾದರೆ, ಊರ ಮುಂದಿನ ಗೋಮಾಳ ಹೇಗೋ ತರಂಗವೂ ಹಾಗೆ. ಎಲ್ಲರದ್ದು. ಯಾರೋ ಒಬ್ಬರು ಬೇಲಿ ಹಾಕಿಕೊಳ್ಳುವಂತಿಲ್ಲ.

ತೀರ್ಪು ಬಂದ ಮರುವರ್ಷ, 1996ರ ಸೆಪ್ಟೆಂಬರ್‌ನಲ್ಲಿ, ಬೆಂಗಳೂರಿನ ‘ವಾಯ್ಸಸ್’ ಎಂಬ ಸಂಸ್ಥೆ ರೇಡಿಯೋ ಬಲ್ಲವರನ್ನು ಒಂದೆಡೆ ಸೇರಿಸಿತು. ಹಳ್ಳಿಗಳಿಗೆ, ಜನಸಮುದಾಯಗಳಿಗೆ ಅವರದ್ದೇ ರೇಡಿಯೋ ಬೇಕು ಎಂದು ಅಲ್ಲಿ ಸೇರಿದವರು ಒಂದು ಘೋಷಣೆ ಹೊರಡಿಸಿದರು. ಅದಕ್ಕೆ ‘ಬೆಂಗಳೂರು ಘೋಷಣೆ’ ಎಂದೇ ಹೆಸರಾಯಿತು. ಸಮುದಾಯ ರೇಡಿಯೋಗಾಗಿ ದೇಶದಲ್ಲಿ ಎದ್ದ ಮೊದಲ ಗಟ್ಟಿ ಕೂಗುಗಳಲ್ಲಿ ಇದೂ ಒಂದು. ಎದ್ದದ್ದು ನಮ್ಮ ನೆಲದಲ್ಲಿ.

ಹರಾಜು ಮೊದಲು ಬಂತು

ಗೋಮಾಳ ಎಲ್ಲರದ್ದು ಎಂದು ತೀರ್ಮಾನವಾದ ಮೇಲೆ ಅದನ್ನು ಮೊದಲು ಯಾರಿಗೆ ಬಿಟ್ಟರು? ದುಡ್ಡು ಕೊಟ್ಟವರಿಗೆ. 1999ರಲ್ಲಿ ಕೇಂದ್ರ ಸರ್ಕಾರ 40 ನಗರಗಳಲ್ಲಿ 108 ಎಫ್‌ಎಂ ತರಂಗಗಳನ್ನು ಖಾಸಗಿಯವರಿಗೆ ಹರಾಜು ಹಾಕಲು ಹೊರಟಿತು. ಲೈಸೆನ್ಸ್ ಹತ್ತು ವರ್ಷದ್ದು. ಶುಲ್ಕ ವರ್ಷವರ್ಷವೂ ನೂರಕ್ಕೆ 15ರಂತೆ ಏರುತ್ತಿತ್ತು. ಹಾಡು ಹಾಕಬಹುದು, ಹರಟೆ ಹೊಡೆಯಬಹುದು, ಜಾಹೀರಾತು ಹಾಕಬಹುದು. ಸುದ್ದಿ ಮಾತ್ರ ಓದುವಂತಿಲ್ಲ.

ಈ ಹರಾಜಿನಿಂದ ಹುಟ್ಟಿದ ದೇಶದ ಮೊದಲ ಖಾಸಗಿ ಎಫ್‌ಎಂ ರೇಡಿಯೋ ಮುಂಬೈಯಲ್ಲೋ ದೆಹಲಿಯಲ್ಲೋ ಶುರುವಾಗಲಿಲ್ಲ. 2001ರ ಜುಲೈ 3ರಂದು ಬೆಂಗಳೂರಿನಲ್ಲಿ ‘ರೇಡಿಯೋ ಸಿಟಿ’ 91 ಮೆಗಾಹರ್ಟ್ಸ್‌ನಲ್ಲಿ ಮಾತಾಡತೊಡಗಿತು. ಬೆಳಿಗ್ಗೆಯಿಂದ ರಾತ್ರಿಯವರೆಗೆ ಹಾಡು, ನಡುನಡುವೆ ಗೆಳೆಯರಂತೆ ಮಾತಾಡುವ ಹುಡುಗ ಹುಡುಗಿಯರು. ಆಕಾಶವಾಣಿಯ ಗಂಭೀರ ದನಿಗೆ ಒಗ್ಗಿದ್ದ ಕಿವಿಗಳಿಗೆ ಅದೊಂದು ಹೊಸ ಲೋಕ. ರೇಡಿಯೋ ಸತ್ತೇಹೋಯಿತು, ಇನ್ನು ಟಿವಿಯ ಕಾಲ ಎನ್ನುತ್ತಿದ್ದವರೂ ಆಟೋದಲ್ಲಿ, ಅಂಗಡಿಯಲ್ಲಿ, ಕಾರಿನಲ್ಲಿ ರೇಡಿಯೋ ತಿರುಗಿಸತೊಡಗಿದರು.

ಆದರೆ ಆ ಹೊಸ ಲೋಕದಲ್ಲಿ ಕನ್ನಡಕ್ಕೆ ಸಿಕ್ಕ ಜಾಗ ಚಿಕ್ಕದು. ಶುರುವಿನ ದಿನಗಳಲ್ಲಿ ಹಿಂದಿ, ಇಂಗ್ಲಿಷ್ ಹಾಡುಗಳದ್ದೇ ಮೇಲುಗೈ. ಜಾಹೀರಾತು ಕೊಡುವವರು ನಂಬಿದ್ದು ಹಾಗೆ: ದುಡ್ಡು ಖರ್ಚು ಮಾಡುವ ಬೆಂಗಳೂರಿಗ ಕೇಳುವುದು ಕನ್ನಡವನ್ನಲ್ಲ ಎಂದು.

ಆ ನಂಬಿಕೆ ಮುರಿದದ್ದು ಐದು ವರ್ಷದ ಮೇಲೆ. 2005ರಲ್ಲಿ ಸರ್ಕಾರ ನಿಯಮ ಬದಲಿಸಿತು. ಏರುತ್ತಲೇ ಹೋಗುವ ಶುಲ್ಕದ ಬದಲು, ಒಂದು ಸಲ ಪ್ರವೇಶ ಶುಲ್ಕ ಕಟ್ಟಿ ಆಮೇಲೆ ವರಮಾನದ ನೂರಕ್ಕೆ 4ರಷ್ಟು ಕೊಟ್ಟರೆ ಸಾಕು ಎಂದಾಯಿತು. 2006ರಲ್ಲಿ ರೇಡಿಯೋ ಮಿರ್ಚಿ, ಬಿಗ್ ಎಫ್‌ಎಂ ಮೊದಲಾದವು ಬೆಂಗಳೂರಿಗೆ ಬಂದವು. ಒಬ್ಬರಿದ್ದಲ್ಲಿ ಹಲವರಾದಾಗ ಕೇಳುಗರಿಗಾಗಿ ಪೈಪೋಟಿ ಹುಟ್ಟಿತು. ಆಗ ಗೊತ್ತಾಯಿತು, ಆಟೋ ಓಡಿಸುವವರು, ಗಾರ್ಮೆಂಟ್ಸ್‌ನಲ್ಲಿ ಹೊಲಿಯುವವರು, ಅಂಗಡಿಯಲ್ಲಿ ನಿಲ್ಲುವವರು ಕೇಳಲು ಬಯಸುವುದು ಕನ್ನಡವನ್ನೇ ಎಂದು. ಅವರಲ್ಲಿ ಎಷ್ಟೋ ಜನ ನಮ್ಮ ನಿಮ್ಮ ಊರುಗಳಿಂದ ಹೋದವರು. ಅದೇ ವರ್ಷದ ಕೊನೆಯಲ್ಲಿ ‘ಮುಂಗಾರು ಮಳೆ’ ಬಿಡುಗಡೆಯಾಯಿತು. ಅದರ ಹಾಡುಗಳು ಎಫ್‌ಎಂನಲ್ಲಿ ದಿನಕ್ಕೆ ಎಷ್ಟು ಸಲ ಬರುತ್ತಿದ್ದವೋ ಲೆಕ್ಕವಿಲ್ಲ. ಕನ್ನಡ ಹಾಡಿಗೆ ಬೆಂಗಳೂರಿನ ಗಾಳಿಯಲ್ಲಿ ಜಾಗ ಯಾರೂ ದಾನ ಕೊಟ್ಟದ್ದಲ್ಲ. ಕೇಳುವ ಜನ ಅದನ್ನು ಗಳಿಸಿಕೊಟ್ಟರು.

ಮಂಗಳೂರು, ಮೈಸೂರು, ಕಲಬುರಗಿಗೂ ಈ ಸುತ್ತಿನಲ್ಲಿ ಖಾಸಗಿ ಎಫ್‌ಎಂ ಬಂತು. ತಾಲ್ಲೂಕು ಕೇಂದ್ರಕ್ಕೆ, ಹೋಬಳಿಗೆ ಬರಲಿಲ್ಲ. ಬರುವುದೂ ಸಾಧ್ಯವಿರಲಿಲ್ಲ. ಜಾಹೀರಾತಿನಿಂದ ಬದುಕುವ ರೇಡಿಯೋ ಜಾಹೀರಾತು ಇದ್ದ ಕಡೆಗೇ ಹೋಗುತ್ತದೆ.

ಅದೇ ವರ್ಷ, ಬೂದಿಕೋಟೆಯಲ್ಲಿ

ಈಗ ಇನ್ನೊಂದು ರೇಡಿಯೋ ಕಡೆಗೆ ಬರೋಣ. ಕೋಲಾರ ಜಿಲ್ಲೆ ಬಂಗಾರಪೇಟೆ ತಾಲ್ಲೂಕಿನ ಬೂದಿಕೋಟೆ ಹೈದರಾಲಿ ಹುಟ್ಟಿದ ಊರೆಂದು ಹೆಸರಾದದ್ದು. ಕೆರೆ ಮತ್ತು ಬೋರ್‌ವೆಲ್ ನಂಬಿದ ಸೀಮೆ. ಪಕ್ಕದಲ್ಲೇ ಆಂಧ್ರ, ತಮಿಳುನಾಡಿನ ಗಡಿ.

ಅಲ್ಲಿ ‘ಮೈರಾಡ’ ಸಂಸ್ಥೆಯ ಜೊತೆ ಕೆಲಸ ಮಾಡುತ್ತಿದ್ದ ಮಹಿಳಾ ಸ್ವಸಹಾಯ ಸಂಘಗಳಿದ್ದವು. ಬೆಂಗಳೂರು ಘೋಷಣೆಗೆ ಕಾರಣವಾದ ಅದೇ ವಾಯ್ಸಸ್ ಸಂಸ್ಥೆ ಅವರ ಜೊತೆ ಸೇರಿತು. ವಿಶ್ವಸಂಸ್ಥೆಯ ಯುನೆಸ್ಕೋ ನೆರವು ಕೊಟ್ಟಿತು. 2001ರಲ್ಲಿ ಊರಲ್ಲೇ ಧ್ವನಿಮುದ್ರಣ ಮಾಡುವ ಪುಟ್ಟ ಸ್ಟುಡಿಯೋ ತಯಾರಾಯಿತು. ಅದಕ್ಕೆ ಇಟ್ಟ ಹೆಸರು ‘ನಮ್ಮ ಧ್ವನಿ’.

ಮೈಕು ಹಿಡಿಯುವುದು, ಪ್ರಶ್ನೆ ಕೇಳುವುದು, ಧ್ವನಿಯನ್ನು ಕತ್ತರಿಸಿ ಜೋಡಿಸುವುದನ್ನು ಊರಿನ ಹುಡುಗ ಹುಡುಗಿಯರು ಕಲಿತರು. ಬೇಸಾಯದ ಮಾತು, ಆರೋಗ್ಯದ ಮಾತು, ಸಂಘದ ಲೆಕ್ಕದ ಮಾತು, ಊರಿನವರೇ ಹಾಡಿದ ಹಾಡು ಎಲ್ಲ ಸಿದ್ಧವಾಯಿತು. ಒಂದೇ ಒಂದು ಕೊರತೆ. ಇದನ್ನು ಗಾಳಿಗೆ ಬಿಡುವಂತಿಲ್ಲ.

ಕಾನೂನು ಬೆಂಗಳೂರಿನ ಕಂಪನಿಗೆ ಬಾಗಿಲು ತೆರೆದಿತ್ತು. ಬೂದಿಕೋಟೆಯ ಹೆಂಗಸರ ಸಂಘಕ್ಕೆ ತೆರೆದಿರಲಿಲ್ಲ. ಹರಾಜಿನಲ್ಲಿ ಕೂಗುವ ದುಡ್ಡು ಅವರ ಬಳಿ ಇಲ್ಲ. ಇದ್ದಿದ್ದರೂ ಹರಾಜಿನ ಪಟ್ಟಿಯಲ್ಲಿ ಬೂದಿಕೋಟೆಯೇ ಇಲ್ಲ. ದುಡ್ಡಿಲ್ಲದೆ ಸಮುದಾಯಕ್ಕೆ ಲೈಸೆನ್ಸ್ ಕೊಡುವ ನಿಯಮವೇ ದೇಶದಲ್ಲಿ ಇರಲಿಲ್ಲ. ಲೈಸೆನ್ಸ್ ಇಲ್ಲದೆ ಸಣ್ಣ ಟ್ರಾನ್ಸ್‌ಮಿಟರ್ ಹಚ್ಚಿದರೂ ಅದು ಅಪರಾಧ.

ಅವರು ಸುಮ್ಮನೆ ಕೂರಲಿಲ್ಲ. ಮೊದಲು ಹಳೆಯ ದಾರಿ ಹಿಡಿದರು. ಡಂಗುರ ಸಾರುವವನು ಏನು ಮಾಡುತ್ತಿದ್ದನೋ ಅದನ್ನೇ ಟೇಪ್‌ರೆಕಾರ್ಡರ್‌ನಿಂದ ಮಾಡಿದರು. ಕಾರ್ಯಕ್ರಮದ ಕ್ಯಾಸೆಟ್ಟನ್ನು ಸಂಘದ ಸಭೆಯಲ್ಲಿ, ಜನ ಸೇರುವ ಜಾಗದಲ್ಲಿ ಹಾಕಿ ಕೇಳಿಸಿದರು. ಆಮೇಲೆ ಊರಿನಲ್ಲಿ ಆಗಲೇ ಇದ್ದ ಇನ್ನೊಂದು ದಾರಿ ಕಣ್ಣಿಗೆ ಬಿತ್ತು. ಕೇಬಲ್ ಟಿವಿ! ಕಂಬದಿಂದ ಕಂಬಕ್ಕೆ, ಸೂರಿನಿಂದ ಸೂರಿಗೆ ಎಳೆದ ಕಪ್ಪು ತಂತಿ. ಸಿನಿಮಾ, ಧಾರಾವಾಹಿ ಹರಿಯುವ ಆ ತಂತಿಯಲ್ಲಿ ಊರಿನ ಧ್ವನಿಯೂ ಯಾಕೆ ಹರಿಯಬಾರದು? ಗಾಳಿಗೆ ಬಿಟ್ಟರೆ ತಾನೇ ತಪ್ಪು?

2003ರಲ್ಲಿ ನಮ್ಮ ಧ್ವನಿ ಕೇಬಲ್ ಮೂಲಕ ಮನೆಮನೆಗೆ ಹೋಯಿತು. ಊರಿನ ಶಾಲೆಗೂ ತಂತಿ ಬಂತು. ಆಕಾಶದಲ್ಲಿ ಹಾರಬೇಕಾದ ರೇಡಿಯೋ ಕಂಬದ ಮೇಲೆ ನಡೆದುಕೊಂಡು ಹೋದ ಕಥೆ ಇದು. ದೇಶದಲ್ಲಿ ಕೇಬಲ್ ಮೂಲಕ ನಡೆದ ಮೊದಲ ಸಮುದಾಯ ರೇಡಿಯೋ ಎಂದು ಇದನ್ನು ಗುರುತಿಸುತ್ತಾರೆ.

ತಂತಿಗೆ ಅದರದ್ದೇ ಮಿತಿ. ಕೇಬಲ್ ಇಲ್ಲದ ಮನೆಗೆ ಧ್ವನಿ ಇಲ್ಲ. ಹೊಲದಲ್ಲಿ ಕಳೆ ಕೀಳುವವರಿಗೆ, ಕುರಿ ಮೇಯಿಸುವವರಿಗೆ ಇಲ್ಲ. ಜೇಬಿನಲ್ಲಿ ಇಟ್ಟುಕೊಂಡು ಓಡಾಡುವ ರೇಡಿಯೋದಲ್ಲಿ ಇಲ್ಲ. ಬಡವರಿಗೆ ಅಗ್ಗವಾಗಿ ಸಿಗುವುದೇ ರೇಡಿಯೋದ ದೊಡ್ಡ ಗುಣ. ಆ ಗುಣವನ್ನೇ ಕಾನೂನು ಕಿತ್ತುಕೊಂಡಿತ್ತು.

ಬಾಗಿಲು ತೆರೆದದ್ದು ಹೇಗೆ

ಬೂದಿಕೋಟೆ ಒಂಟಿಯಾಗಿರಲಿಲ್ಲ. ಬೀದರ್‌ಗೆ ಹತ್ತಿರದ, ಈಗ ತೆಲಂಗಾಣಕ್ಕೆ ಸೇರಿದ ಜಹೀರಾಬಾದ್ ಬಳಿಯ ಹಳ್ಳಿಯೊಂದರಲ್ಲಿ ದಲಿತ ಹೆಣ್ಣುಮಕ್ಕಳು ಸ್ಟುಡಿಯೋ ಇಟ್ಟುಕೊಂಡು, ಕಾರ್ಯಕ್ರಮ ಮುದ್ರಿಸಿ, ಲೈಸೆನ್ಸ್‌ಗಾಗಿ ವರ್ಷಗಟ್ಟಲೆ ಕಾಯುತ್ತಿದ್ದರು. ಅವರೂ ಅಲ್ಲಿಯವರೆಗೆ ಕ್ಯಾಸೆಟ್ಟನ್ನು ಸಂಘದಿಂದ ಸಂಘಕ್ಕೆ ಹೊತ್ತು ತಿರುಗಿದರು. ಇಂಥ ಊರುಗಳೇ ಸರ್ಕಾರದ ಮುಂದೆ ಸಾಕ್ಷಿಯಾದವು. ಹಳ್ಳಿಯವರಿಗೆ ರೇಡಿಯೋ ನಡೆಸಲು ಬರುತ್ತದೆಯೇ ಎಂದು ಕೇಳಿದವರಿಗೆ, ‘ಲೈಸೆನ್ಸ್ ಇಲ್ಲದೆಯೇ ನಡೆಸುತ್ತಿದ್ದಾರಲ್ಲ, ನೋಡಿ’ ಎಂದು ತೋರಿಸುವಂತಾಯಿತು.

2002ರ ಕೊನೆಯಲ್ಲಿ ಸರ್ಕಾರ ಬಾಗಿಲನ್ನು ಅರ್ಧ ತೆರೆಯಿತು. ಶಿಕ್ಷಣ ಸಂಸ್ಥೆಗಳು ಸಣ್ಣ ರೇಡಿಯೋ ನಡೆಸಬಹುದು ಎಂದಿತು. 2004ರ ಫೆಬ್ರವರಿ 1ರಂದು ಚೆನ್ನೈನ ಅಣ್ಣಾ ವಿಶ್ವವಿದ್ಯಾಲಯದಲ್ಲಿ ಅಂಥ ಮೊದಲ ರೇಡಿಯೋ ಶುರುವಾಯಿತು. ಆದರೆ ಅದು ಕಾಲೇಜಿನವರಿಗೆ. ಊರಿಗೆ ಅಲ್ಲ.

ಪೂರ್ತಿ ತೆರೆದದ್ದು 2006ರ ನವೆಂಬರ್‌ನಲ್ಲಿ. ಜನರ ನಡುವೆ ಕನಿಷ್ಠ ಮೂರು ವರ್ಷ ಕೆಲಸ ಮಾಡಿದ ನೋಂದಾಯಿತ ಸಂಸ್ಥೆಗಳು, ಕೃಷಿ ವಿಶ್ವವಿದ್ಯಾಲಯಗಳು, ಕೃಷಿ ವಿಜ್ಞಾನ ಕೇಂದ್ರಗಳು ಅರ್ಜಿ ಹಾಕಬಹುದು ಎಂದಾಯಿತು. ಶಕ್ತಿ ಸಾಮಾನ್ಯವಾಗಿ 100 ವ್ಯಾಟ್ ಮೀರುವಂತಿಲ್ಲ, ಗೋಪುರ 30 ಮೀಟರ್ ಮೀರುವಂತಿಲ್ಲ. ಅಂದರೆ ಸುತ್ತಲಿನ ಹತ್ತು ಹದಿನೈದು ಕಿಲೋಮೀಟರ್. ಕಾರ್ಯಕ್ರಮದಲ್ಲಿ ಅರ್ಧವಾದರೂ ಆ ಊರಿನ ಜನ ಸೇರಿ ತಯಾರಿಸಿದ್ದಿರಬೇಕು. ಜಾಹೀರಾತು ಆಗ ಗಂಟೆಗೆ 5 ನಿಮಿಷ ಮಾತ್ರ.

2008ರ ಅಕ್ಟೋಬರ್ 15ರಂದು ಆ ಹೆಣ್ಣುಮಕ್ಕಳ ‘ಸಂಘಂ ರೇಡಿಯೋ’ ಗಾಳಿಗೆ ಬಂತು. ಸ್ವಯಂಸೇವಾ ಸಂಸ್ಥೆಯೊಂದರ ಹೆಸರಿನಲ್ಲಿ ಲೈಸೆನ್ಸ್ ಪಡೆದು ಊರಿನವರು ನಡೆಸಿದ ದೇಶದ ಮೊದಲ ರೇಡಿಯೋ ಅದು. ಮುಂದೆ ನಮ್ಮ ಧ್ವನಿಗೂ ಲೈಸೆನ್ಸ್ ಸಿಕ್ಕಿ, ಬೂದಿಕೋಟೆಯ ಧ್ವನಿ ಕೊನೆಗೂ ತಂತಿ ಬಿಟ್ಟು 90.4ರಲ್ಲಿ ಗಾಳಿಗೆ ಏರಿತು. ಧಾರವಾಡದ ಕೃಷಿ ವಿಶ್ವವಿದ್ಯಾಲಯ, ಮಂಗಳೂರಿನ ‘ಸಾರಂಗ್’, ಹೆಗ್ಗಡದೇವನಕೋಟೆ ಸೀಮೆಯ ಸರಗೂರಿನ ‘ಜನಧ್ವನಿ’, ಕಲಬುರಗಿಯ ‘ಅಂತರವಾಣಿ’ ಹೀಗೆ ನಮ್ಮ ರಾಜ್ಯದಲ್ಲಿ ಒಂದೊಂದೇ ದೀಪ ಹತ್ತಿತು.

ಈ ಕಥೆಯಿಂದ ನಮಗೇನು?

ಹಾಡಿನ ಎಫ್‌ಎಂ ಬಗ್ಗೆ ನಮಗೆ ಸಿಟ್ಟಿಲ್ಲ. ನಾವೂ ಆ ಹಾಡು ಕೇಳಿಯೇ ಓದಿದವರು, ಹಾಸ್ಟೆಲಿನಲ್ಲಿ ರಾತ್ರಿ ಕಳೆದವರು. ನಾವು ಹೇಳುತ್ತಿರುವುದು ಇಷ್ಟೇ. ತರಂಗ ಎಲ್ಲರದ್ದು ಎಂದು ಕೋರ್ಟ್ ಹೇಳಿದ ಮೇಲೆ ಬೆಂಗಳೂರಿನ ಹಾಡಿಗೆ ಬಾಗಿಲು ತೆರೆಯಲು ಆರು ವರ್ಷ ಹಿಡಿಯಿತು. ಹಳ್ಳಿಯ ಮಾತಿಗೆ ತೆರೆಯಲು ಹನ್ನೊಂದು ವರ್ಷ ಬೇಕಾಯಿತು. ತೆರೆದ ಬಾಗಿಲೂ ಚಿಕ್ಕದು. ಸುದ್ದಿಯ ವಿಷಯದಲ್ಲಂತೂ ಇವತ್ತಿಗೂ ಇಬ್ಬರ ಕೈಯೂ ಕಟ್ಟಿದೆ. ಆಕಾಶವಾಣಿಯ ಸುದ್ದಿಯನ್ನು ತಿರುಚದೆ ಪ್ರಸಾರ ಮಾಡಬಹುದು, ಅಷ್ಟೇ. ನಿಮ್ಮ ಪಂಚಾಯಿತಿಯಲ್ಲಿ ಏನಾಯಿತು ಎಂದು ವಾಟ್ಸ್ಆ್ಯಪ್‌ನಲ್ಲಿ ಯಾರು ಏನು ಬೇಕಾದರೂ ಬರೆಯಬಹುದು. ಊರಿನ ರೇಡಿಯೋ ಅದನ್ನು ವಿಚಾರಿಸಿ, ಸರಿಯಾಗಿ ಸುದ್ದಿ ಮಾಡಿ ಓದುವಂತಿಲ್ಲ.

2024ರ ಆಗಸ್ಟ್‌ನಲ್ಲಿ ಕೇಂದ್ರ ಸಚಿವ ಸಂಪುಟ ಇನ್ನೂ 234 ಹೊಸ ಪಟ್ಟಣಗಳಲ್ಲಿ 730 ಖಾಸಗಿ ಎಫ್‌ಎಂ ಚಾನೆಲ್‌ಗಳ ಹರಾಜಿಗೆ ಒಪ್ಪಿಗೆ ಕೊಟ್ಟಿತು. ಹಾಡು ಸಣ್ಣ ಪಟ್ಟಣಗಳ ಕಡೆಗೂ ಬರಲಿದೆ. ಬರಲಿ. ಬಂದಾಗ ಅದರಲ್ಲಿ ನಮ್ಮ ಸೀಮೆಯ ಕನ್ನಡ ಇದೆಯೇ ಎಂದು ಕೇಳುವುದು ನಮ್ಮ ಕೆಲಸ. ಬೆಂಗಳೂರಿನಲ್ಲಿ ಕನ್ನಡ ಬಂದದ್ದು ಕೇಳುಗರಿಂದಲೇ.

ಹಾಡಿನ ಜೊತೆಗೆ ಮಾತೂ ಬೇಕೆಂದರೆ ದಾರಿ 2006ರಿಂದ ತೆರೆದೇ ಇದೆ. ನಿಮ್ಮ ಸುತ್ತಮುತ್ತ ಮೂರು ವರ್ಷಕ್ಕೂ ಹೆಚ್ಚು ಕಾಲ ಕೆಲಸ ಮಾಡಿದ ಒಂದು ಒಳ್ಳೆಯ ಸಂಸ್ಥೆ, ಒಂದು ಕಾಲೇಜು, ಒಂದು ಕೃಷಿ ವಿಜ್ಞಾನ ಕೇಂದ್ರ ಇದ್ದರೆ ಸಾಕು, ಅವರನ್ನು ಕೇಳಬಹುದು. ದುಡ್ಡು ಬೇಕು, ದಿನಾ ಕೂತು ಕೆಲಸ ಮಾಡುವವರು ಬೇಕು, ದೆಹಲಿಯ ಕಾಗದ ಪತ್ರಕ್ಕೆ ತಾಳ್ಮೆ ಬೇಕು. ಸುಲಭ ಎಂದು ನಾವು ಹೇಳುವುದಿಲ್ಲ. ಗೋಪಾಲಸ್ವಾಮಿಯವರು 30 ವ್ಯಾಟ್‌ನಲ್ಲಿ ಶುರು ಮಾಡಿದ್ದರು ಎಂಬುದನ್ನಷ್ಟೇ ನೆನಪಿಸುತ್ತೇವೆ.

ಅಷ್ಟರಲ್ಲಿ ಒಂದು ಸಣ್ಣ ಕೆಲಸ ಮಾಡಿ. ನೀವು ಇದನ್ನು ಓದುತ್ತಿರುವ ಫೋನಿನಲ್ಲಿ ಎಫ್‌ಎಂ ಇದೆಯೇ ನೋಡಿ. ಇದ್ದರೆ ತಂತಿಯ ಇಯರ್‌ಫೋನ್ ಸಿಕ್ಕಿಸಿ. ಆ ತಂತಿಯೇ ಫೋನಿಗೆ ಆಂಟೆನಾ, ಅದಿಲ್ಲದೆ ಸಾಮಾನ್ಯವಾಗಿ ರೇಡಿಯೋ ಹಿಡಿಯುವುದಿಲ್ಲ. ಇಂಟರ್‌ನೆಟ್ ಬೇಡ, ಡೇಟಾ ಖರ್ಚಿಲ್ಲ. 90.4, 90.8, 107.8 ಒಂದೊಂದಾಗಿ ತಿರುಗಿಸಿ. ಸಮುದಾಯ ರೇಡಿಯೋಗಳು ಸಿಗುವುದು ಹೆಚ್ಚಾಗಿ ಈ ಮನೆಗಳಲ್ಲೇ. ಯಾರದ್ದಾದರೂ ಮಾತು ಕೇಳಿಸಿದರೆ, ಅದು ಯಾವ ಊರಿನದ್ದು ಎಂದು ನಮಗೂ ತಿಳಿಸಿ. ಬರೀ ಗೊರಗೊರ ಎಂದರೆ, ನಿಮ್ಮೂರಿನ ಪಾಲಿನ ತರಂಗ ಇನ್ನೂ ಖಾಲಿ ಇದೆ ಎಂದು ಅರ್ಥ.